ತುಕ್ಕಾನಟ್ಟಿಯ ಕಸ್ತೂರಿ ಅಕ್ಕ ಕಂಪ್ಯೂಟರನ್ನು ಮಾತಾಡಿಸಿದ ವರ್ಷ

ಹೋದ ತಿಂಗಳು ಮೂಡಲಗಿಯಲ್ಲಿ ಒಂದು ನಾಮಕರಣ ಮುಗಿಸಿಕೊಂಡು ಘಟಪ್ರಭಾದ ಬಸ್ಸು ಹತ್ತಿದ್ದೆ. ದಾರಿಯಲ್ಲಿ ಎಲ್ಲೋ ಗಾಣ ಹೂಡಿದ್ದರು. ಕಿಟಕಿಯಿಂದ ಬೆಲ್ಲ ಕುದಿಯುವ ವಾಸನೆ ಒಮ್ಮೆಲೆ ಒಳಗೆ ನುಗ್ಗಿತು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಗಟ್ಟಿಯಾಗುವಾಗ ಬರುವ, ಸ್ವಲ್ಪ ಸುಟ್ಟಂಥ, ಹೊಗೆ ಬೆರೆತ ಸಿಹಿ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದರು. ನಾನು ತಲೆಯನ್ನು ಕಿಟಕಿಯ ಹೊರಗೇ ಚಾಚಿದೆ. ಆ ವಾಸನೆಯಲ್ಲಿ ಕಸ್ತೂರಿ ಅಕ್ಕನ ಮನೆಯ ಪಡಸಾಲೆ ಇತ್ತು, ಕಪ್ಪು ಪರದೆಯ ಕಂಪ್ಯೂಟರಿತ್ತು, ಎರಡು ಸಾವಿರದ ಏಳನೆಯ ಇಸವಿಯ ಮಳೆಗಾಲ ಮತ್ತು ಚಳಿಗಾಲ ಎರಡೂ ಇದ್ದವು.

ಆಗ ನಾನು ದಿನಾ ಹುಕ್ಕೇರಿಯಿಂದ ಘಟಪ್ರಭಾಕ್ಕೆ ಹೋಗಿಬರುತ್ತಿದ್ದೆ. ಕಂಪ್ಯೂಟರ್ ಓದು ಮುಗಿಸಿ ಮನೆಯಲ್ಲಿ ಕೂತವಳನ್ನು ಬಾಬು ಕಾಕಾ ಕರೆದು ಕೆಲಸ ಕೊಟ್ಟಿದ್ದರು. ಅವರು ನಮ್ಮಪ್ಪನ ದೂರದ ಸಂಬಂಧಿ. ಸ್ಟೇಷನ್ ರಸ್ತೆಯಲ್ಲಿ ಕೆಳಗೆ ಅವರ ಬಟ್ಟೆ ಅಂಗಡಿ, ಮೇಲೆ ಟೈಪಿಂಗ್ ಮತ್ತು ಕಂಪ್ಯೂಟರ್ ಕ್ಲಾಸು. ಕಾಕಾ ಮನೆಯಲ್ಲಿ ಮರಾಠಿ ಆಡುತ್ತಿದ್ದರು, ಗಿರಾಕಿಗಳ ಜೊತೆ ಕನ್ನಡ. ಸಿಟ್ಟು ಬಂದಾಗ ಎರಡೂ ಒಟ್ಟಿಗೆ ಬರುತ್ತಿದ್ದವು. ಮಳೆ ಹಿಡಿದರೆ ಮೇಲಿನ ತಗಡಿನ ಮೇಲೆ ಅದರ ಸದ್ದೇ ಸದ್ದು. ರೈಲು ಬಂದು ಹೋದದ್ದೂ ತಿಳಿಯುತ್ತಿರಲಿಲ್ಲ.

ಕ್ಲಾಸು ಖಾಲಿ ಇದ್ದಾಗ ನನಗೊಂದು ಹುಚ್ಚಿತ್ತು. ಒಂದು ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡು ಅದರ ಕಪ್ಪು ಪರದೆಯ ಮುಂದೆ ಕೂರುತ್ತಿದ್ದೆ. ಅಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಒಂದು ಸಾಲು ಬರೆದು ಎಂಟರ್ ಒತ್ತಬೇಕು, ಅದು ಒಂದು ಸಾಲು ಉತ್ತರ ಕೊಡುತ್ತದೆ. ನನ್ನನ್ನು ಮರುಳು ಮಾಡಿದ್ದು ಅದರೊಳಗಿನ ಪ್ಯಾಕೇಜ್ ಮ್ಯಾನೇಜರ್. ಪ್ರೋಗ್ರಾಮುಗಳಲ್ಲಿ ಬಳಸಲು ಸಿದ್ಧವಾಗಿ ಸಿಗುವ ತುಣುಕುಗಳಿಗೆ ಲೈಬ್ರರಿ ಎನ್ನುತ್ತಾರೆ; ಇಂಥ ಲೈಬ್ರರಿ ಬೇಕು ಎಂದು ಬರೆದರೆ ಸಾಕು, ಯಾವುದೋ ದೇಶದಲ್ಲಿ ಯಾರೋ ಪುಣ್ಯಾತ್ಮರು ಬೇರೆಯವರಿಗೂ ಉಪಯೋಗವಾಗಲಿ ಎಂದು ಮಾಡಿಟ್ಟ ಕೆಲಸ ನಮ್ಮ ಫೋನಿನ ತಂತಿಯಲ್ಲಿ ಇಳಿದು ಬರುತ್ತಿತ್ತು. ಬರುವ ಮುಂಚೆ ಅದು ಹೇಳುತ್ತಿತ್ತು: ಇದಕ್ಕೆ ಇನ್ನೊಂದು ಬೇಕು, ಆ ಇನ್ನೊಂದಕ್ಕೆ ಮತ್ತೊಂದು ಬೇಕು, ಎಲ್ಲ ತರಲೇ? ಹೂಂ ಅಂದರೆ ತಾನೇ ಹುಡುಕಿ ತಂದು, ತಾನೇ ಜೋಡಿಸಿಡುತ್ತಿತ್ತು.

"ಎಲ್ಲಾ ಪುಕ್ಕಟ ಕೊಡತಾರ? ಯಾಕ?" ಎಂದು ಕಾಕಾ ಅನುಮಾನದಿಂದ ಕೇಳಿದ್ದರು.

"ಖರೆ ಹೇಳಬೇಕಂದ್ರ ನನಗೂ ಗೊತ್ತಿಲ್ರಿ ಕಾಕಾ."

"ಫೋನಿನ ಬಿಲ್ಲ ಮಾತ್ರ ಪುಕ್ಕಟ ಬರಂಗಿಲ್ಲ, ಅಷ್ಟ ನೆನಪ ಇಟ್ಕೋ," ಎಂದು ಕೆಳಗಿಳಿದು ಹೋದರು. ಆದರೆ ಬೇಡ ಎನ್ನಲಿಲ್ಲ.

ಆಷಾಢದ ಒಂದು ಬೆಳಗ್ಗೆ ಇಬ್ಬರು ಹೆಂಗಸರು ನೆನೆದುಕೊಂಡು ಮೆಟ್ಟಿಲು ಹತ್ತಿ ಬಂದರು. ಮುಂದಿನವಳು ಚಿಕ್ಕವಳು, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪುಸ್ತಕಗಳು. ಅವಳ ಹೆಗಲ ಮೇಲೆ ಕೈಯಿಟ್ಟುಕೊಂಡು ಬಂದವಳು ಅವಳ ಅಕ್ಕ. ಸಣ್ಣವಳಿದ್ದಾಗ ಬಂದ ಜ್ವರದಲ್ಲಿ ಆಕೆಯ ಎರಡೂ ಕಣ್ಣು ಹೋಗಿದ್ದವು.

"ಇಲ್ಲಿ ಕಂಪ್ಯೂಟರ ಕಲಸ್ತಾರಂತ ಕೇಳೇವ್ರಿ," ಎಂದಳು ಅಕ್ಕ.

"ಹೌದ್ರಿ. ಯಾರಿಗೆ ಕಲಸಬೇಕು?" ನಾನು ತಂಗಿಯ ಕಡೆ ನೋಡುತ್ತಾ ಕೇಳಿದೆ.

"ನನಗ್ರಿ. ಕಲಿಯೂದ ಆಮ್ಯಾಲ. ಮೊದಲ ಅದು ನನಗ ಓದಿ ಹೇಳತೈತೇನು, ಅದನ್ನ ಹೇಳ್ರಿ. ರೇಡಿಯೋದಾಗ ಕೇಳೇನಿ, ಓದೂ ಕಂಪ್ಯೂಟರ ಬಂದಾವಂತ."

ಆಕೆಯೇ ಕಸ್ತೂರಿ ಅಕ್ಕ. ತುಕ್ಕಾನಟ್ಟಿಯವಳು. ಬೆರಳಿನಿಂದ ಮುಟ್ಟಿ ಓದುವ ಉಬ್ಬಕ್ಷರದಲ್ಲಿ ಶಾಲೆ ಕಲಿತು, ಬಿ.ಎ. ಮುಗಿಸಿ, ಈಗ ಮನೆಯಲ್ಲೇ ಓದಿಕೊಂಡು ಇತಿಹಾಸದ ಎಂ.ಎ. ಪರೀಕ್ಷೆಗೆ ಕಟ್ಟಿದ್ದಳು. ಕಾಲೇಜಿನ ಪುಸ್ತಕಗಳು ಉಬ್ಬಕ್ಷರದಲ್ಲಿ ಸಿಗುವುದಿಲ್ಲ. ಇಷ್ಟು ವರ್ಷ ಒಂದೊಂದು ಪುಟವನ್ನೂ ಓದಿ ಹೇಳಿದವಳು ಈ ತಂಗಿ ಶೋಭಾ. ಶೋಭಾಳಿಗೆ ನಿಪ್ಪಾಣಿ ಕಡೆಯ ಗಂಡು ಗೊತ್ತಾಗಿತ್ತು. ತುಳಸಿ ಲಗ್ನ ಆದ ಮೇಲೆ ಮದುವೆ. ಕಸ್ತೂರಿ ಅಕ್ಕನ ಕೊನೆಯ ಪರೀಕ್ಷೆ ಇದ್ದದ್ದು ಮದುವೆಯಾದ ಮೇಲೆ.

"ನನ್ನ ಪರೀಕ್ಷಾ ಮುಗಿಯೂತನಕ ಲಗ್ನ ಬ್ಯಾಡಂತ ಹಟಾ ಹಿಡದಾಳ್ರಿ ಈಕಿ," ಎಂದಳು ಕಸ್ತೂರಿ ಅಕ್ಕ. "ಗಂಡಿನವರು ಒಮ್ಮೆ ಕಾದಾರ. ಹೊಳ್ಳಿ ಕಾಯಂಗಿಲ್ಲ."

ಶೋಭಾ ಒದ್ದೆ ಚೀಲದಿಂದ ಪುಸ್ತಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಕೂತಳು.

"ಕನ್ನಡ ಓದೂವಂಥಾದು ಐತೋ ಇಲ್ಲೋ ನನಗ ಗೊತ್ತಿಲ್ರಿ," ಎಂದೆ. "ಹುಡುಕಿ ನೋಡತೇನಿ."

ಆ ವಾರವೆಲ್ಲ ಹುಡುಕಿದೆ. ಬರೆದದ್ದನ್ನು ದನಿಯಾಗಿಸುವ ಪುಕ್ಕಟೆ ತಂತ್ರಾಂಶ ಒಂದು ಸಿಕ್ಕಿತು. ಅದಕ್ಕೆ ಮರಾಠಿ ಬರುತ್ತಿತ್ತು, ಹಿಂದಿ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ನಿರಾಶೆಯಾಗಿ ಅಕ್ಷರಗಳ ಪಟ್ಟಿಗಳನ್ನು ಸುಮ್ಮನೆ ತಿರುವುತ್ತಿದ್ದೆ. ಕಂಪ್ಯೂಟರಿನೊಳಗೆ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಇರುತ್ತದೆ. ಮರಾಠಿ ಬರೆಯುವ ದೇವನಾಗರಿಯ ಪಟ್ಟಿಯನ್ನೂ ಕನ್ನಡದ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟಾಗ ಮೈ ಜುಮ್ಮೆಂದಿತು. ಎರಡರಲ್ಲೂ ಅಕ್ಷರಗಳು ಒಂದೇ ಸಾಲುಗಟ್ಟಿ ಕೂತಿದ್ದವು. ಕನ್ನಡದ ಕ ದಿಂದ ಒಂದು ಗೊತ್ತಾದ ಸಂಖ್ಯೆ ಕಳೆದರೆ ಮರಾಠಿಯ ಕ. ಅದೇ ಸಂಖ್ಯೆ ಕಳೆದರೆ ಖ ಕ್ಕೆ ಖ, ಗ ಕ್ಕೆ ಗ. ಯಾರು ಹೀಗೆ ಜೋಡಿಸಿಟ್ಟರೋ! ಕನ್ನಡ ಪಠ್ಯವನ್ನು ಮರಾಠಿ ಅಕ್ಷರಕ್ಕೆ ಇಳಿಸಿ ಆ ದನಿಗೆ ಕೊಟ್ಟರೆ ಏನಾಗಬಹುದು ಎಂಬ ಕುತೂಹಲ ನನ್ನನ್ನು ಹುಕ್ಕೇರಿಯ ಬಸ್ಸಿನಲ್ಲೂ ಬಿಡಲಿಲ್ಲ.

ಇನ್ನೊಂದು ತೊಡಕಿತ್ತು. ದನಿಯ ತಂತ್ರಾಂಶಕ್ಕೆ ಇಡೀ ಅಧ್ಯಾಯ ಕೊಟ್ಟರೆ ಅದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಒದರುತ್ತಿತ್ತು. ಓದುವವರಿಗೆ ನಿಲ್ಲಿಸಬೇಕು, ಹಿಂದಿನ ವಾಕ್ಯಕ್ಕೆ ಹೋಗಬೇಕು, ಮತ್ತೊಮ್ಮೆ ಕೇಳಬೇಕು. ಅದಕ್ಕೆಲ್ಲ ಒಂದೊಂದು ಕೀಲಿ ಇರುವ ಪ್ರೋಗ್ರಾಂ ನಾನು ಬರೆಯಬಲ್ಲೆ, ಆದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ದನಿಯದು ಸಿ ಎಂಬ ಇನ್ನೊಂದು ಭಾಷೆಯಲ್ಲಿ ಬರೆದದ್ದು. ಇವೆರಡರಲ್ಲಿ ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ನಡುವೆ ನಿಂತು ಇದರ ಮಾತನ್ನು ಅದಕ್ಕೆ ಮುಟ್ಟಿಸುವ ಸೇತುವೆ ಲೈಬ್ರರಿ ಎಂದೇ ಒಂದು ಇರುತ್ತದೆ. ಪ್ಯಾಕೇಜ್ ಮ್ಯಾನೇಜರಿಗೆ ಅದರ ಹೆಸರು ಬರೆದು ಎಂಟರ್ ಒತ್ತಿದೆ. ಮಳೆಗೆ ಫೋನ್ ಸಂಪರ್ಕ ಕಡಿಯುತ್ತಿತ್ತು, ಮತ್ತೆ ಒತ್ತುತ್ತಿದ್ದೆ. ಸಂಜೆ ಬಸ್ಸಿಗೆ ಏಳುವ ಹೊತ್ತಿಗೆ ಅದು ಇಳಿದಿತ್ತು.

ಶ್ರಾವಣ ಹುಟ್ಟಿದ ಮೇಲೆ ಕಸ್ತೂರಿ ಅಕ್ಕನನ್ನು ಕರೆಸಿದೆ. ಮೌರ್ಯರ ಅಧ್ಯಾಯದ ಮೊದಲ ಪುಟವನ್ನು ನಾನೇ ಟೈಪ್ ಮಾಡಿಟ್ಟಿದ್ದೆ. ಕೀಲಿ ಒತ್ತಿದೆ. ಗಂಡೋ ಹೆಣ್ಣೋ ತಿಳಿಯದ, ಡಬ್ಬಿಯೊಳಗಿಂದ ಬಂದಂಥ ತೆಳು ದನಿ ಎದ್ದಿತು. ಮೌರ್ಯರ ಎಂಬುದನ್ನು ಮೌರ್ಯರ್ ಎಂದಿತು. ಅಶೋಕ ಅಶೋಕ್ ಆದ. ಎಲ್ಲ ಎಂಬುದು ಏಲ್ಲ್ ಆಯಿತು.

ಕಸ್ತೂರಿ ಅಕ್ಕ ಮುಖವನ್ನು ಸ್ಪೀಕರಿನ ಹತ್ತಿರ ತಂದು ಉಸಿರು ಹಿಡಿದು ಕೇಳಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಯವ್ವಾ! ಈಕಿ ಕೊಲ್ಲಾಪುರದಾಕಿ ಅದಾಳ್ರಿ. ಮಾತಿನ ಬಾಲಾ ಎಲ್ಲಾ ಕತ್ತರಸ್ತಾಳ."

ನಗು ಕೇಳಿ ಮೇಲೆ ಬಂದ ಕಾಕಾ ಸ್ವಲ್ಪ ಹೊತ್ತು ಕಿವಿಗೊಟ್ಟರು. "ನಮ್ಮ ಸಣ್ಣ ಸೊಸಿನೂ ಹಿಂಗs ಮಾತಾಡತಾಳ. ಬಂದ ಹೊಸದಾಗ ಒಂದೂ ತಿಳೀತಿದ್ದಿಲ್ಲ. ಈಗ ಬೈದ್ರೂ ತಿಳೀತೈತಿ," ಎಂದರು.

ಅಂದಿನಿಂದ ಆ ದನಿಗೆ ಕೊಲ್ಲಾಪುರದಾಕಿ ಎಂದೇ ಹೆಸರಾಯಿತು. ನಾನು ಪ್ರೋಗ್ರಾಂ ತಿದ್ದಿ ತಿದ್ದಿ ಕೆಲವು ಬಾಲಗಳನ್ನು ಮರಳಿ ಅಂಟಿಸಿದೆ. ಉಳಿದದ್ದಕ್ಕೆ ಕಸ್ತೂರಿ ಅಕ್ಕನ ಕಿವಿಯೇ ಒಗ್ಗಿಕೊಂಡಿತು. ಪುಸ್ತಕವನ್ನು ಕಂಪ್ಯೂಟರಿಗೆ ತುಂಬುವ ಕೆಲಸಕ್ಕೆ ಕಾಕಾ ದಾರಿ ಹೇಳಿದರು. ಟೈಪಿಂಗ್ ಕಲಿಯಲು ಬರುವವರೆಲ್ಲ ದಿನಾ ಅದೇ ಹಳೆಯ ಅರ್ಜಿಗಳನ್ನು ಹೊಡೆಯುವ ಬದಲು ಇತಿಹಾಸದ ಪುಟ ಹೊಡೆಯಲಿ ಎಂದರು. ಹಾಗೇ ಆಯಿತು. ಅರಭಾವಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಚಾಲುಕ್ಯರನ್ನು ಮುಗಿಸಿ, ಮುಂದೇನಾಯಿತು ತಿಳಿಯಬೇಕೆಂದು ರಾಷ್ಟ್ರಕೂಟರನ್ನು ತಾನೇ ಕೇಳಿ ತೆಗೆದುಕೊಂಡಳು.

ಶೋಭಾ ಮಾತ್ರ ದೂರವೇ ಕೂರುತ್ತಿದ್ದಳು. ಒಂದು ಸಂಜೆ ಅಕ್ಕ ಒಳಗೆ ಕೇಳುತ್ತಿರುವಾಗ ಮೆಟ್ಟಿಲ ಮೇಲೆ ನನ್ನನ್ನು ತಡೆದು ಕೇಳಿದಳು. ಕಲಿಸುವವಳೆಂದು ಇಬ್ಬರೂ ನನ್ನನ್ನು ಅಕ್ಕೋರು ಎನ್ನುತ್ತಿದ್ದರು.

"ಅಕ್ಕೋರ, ಖರೆ ಹೇಳ್ರಿ. ಅದು ನಾ ಓದಿಧಂಗ ಓದತೈತೇನ್ರಿ?"

"ಇಲ್ಲ ಬಿಡವಾ. ನಿನ್ನಂಗ ಹ್ಯಾಂಗ ಓದೀತು?"

"ಹಂಗಾದ್ರ ಅಕಿಗೆ ತ್ರಾಸ ಆಗತೈತಲ್ರಿ." ಮತ್ತೆ ತಾನೇ ಹೇಳಿದಳು, "ತ್ರಾಸ ಆಗಲಿಲ್ಲಂದ್ರೂ ನನಗ ಒಂಥರಾ ಆಗತೈತ್ರಿ. ಸಾಲಿಗೆ ಹೋಗೂದಕ್ಕಿಂತ ಮೊದಲ ಓದಾಕ ಕಲತಾಕಿ ನಾ. ಅಕಿಗೆ ಓದಿ ಹೇಳಾಕಂತs ಕಲತೇನಿ."

ಅಷ್ಟರಲ್ಲಿ ಒಳಗಿಂದ ಕಸ್ತೂರಿ ಅಕ್ಕ ಕೂಗಿ ಕರೆದಳು. ಕೊಲ್ಲಾಪುರದಾಕಿ ಪುಲಕೇಶಿಯನ್ನು ಹೇಗೆ ಕರೆಯುತ್ತಾಳೆ ಎಂಬುದನ್ನು ತಂಗಿ ಕೇಳಲೇಬೇಕಂತೆ.

ದೀಪಾವಳಿಗೆ ಮುಂಚೆ ಹಿಂಗಾರಿಯ ಗುಡುಗು ಮಳೆ ಬಂತು. ಮಧ್ಯಾಹ್ನವೇ ಕತ್ತಲಾಗಿ, ಸಿಡಿಲು ಎಲ್ಲೋ ಹತ್ತಿರ ಬಿತ್ತು. ಫೋನಿನ ತಂತಿಯಲ್ಲಿ ನುಗ್ಗಿದ ಏಟಿಗೆ ಲಿನಕ್ಸ್ ಇದ್ದ ಕಂಪ್ಯೂಟರಿನಿಂದ ಸುಟ್ಟ ವಾಸನೆ ಬಂದು ಅದು ಅಲ್ಲಿಗೇ ತಣ್ಣಗಾಯಿತು. ಟೈಪಾದ ಅಧ್ಯಾಯಗಳೂ ನನ್ನ ಪ್ರೋಗ್ರಾಮೂ ಸಿ.ಡಿ.ಗಳಲ್ಲಿದ್ದವು. ಕಾಕಾ ಬೆಳಗಾವಿಯಿಂದ ಬೇರೊಂದು ಕಂಪ್ಯೂಟರ್ ತರಿಸಿದರು. ಅದನ್ನು ತುಕ್ಕಾನಟ್ಟಿಯ ಮನೆಯಲ್ಲೇ ಇಡೋಣ, ಶೋಭಾಳ ಮದುವೆಯಾದ ಮೇಲೆ ಕಸ್ತೂರಿಯನ್ನು ಇಲ್ಲಿಗೆ ಕರೆತರುವವರು ಯಾರು ಎಂದು ಅವರೇ ಹೇಳಿದರು. ಕಳಿಸುವ ಮುಂಚೆ ನಾನು ಕ್ಲಾಸಿನಲ್ಲೇ ಅದಕ್ಕೂ ಲಿನಕ್ಸ್ ಹಾಕಿ, ಪ್ಯಾಕೇಜ್ ಮ್ಯಾನೇಜರಿಗೆ ಮೊದಲಿನ ಹೆಸರುಗಳನ್ನೇ ಬರೆದೆ. ಎಲ್ಲವೂ ಇಳಿದು ಬಂದವು. ತಪ್ಪು ಎಂಬ ಒಂದು ಸಾಲೂ ಬರಲಿಲ್ಲ.

ಅಕ್ಕ ತಂಗಿ ಇಬ್ಬರನ್ನೂ ಕೂರಿಸಿಕೊಂಡು ಕೀಲಿ ಒತ್ತಿದೆ.

"ಪ್ರಶ್ನಚಿನ್ಹ. ಪ್ರಶ್ನಚಿನ್ಹ. ಪ್ರಶ್ನಚಿನ್ಹ," ಎಂದಿತು ಕೊಲ್ಲಾಪುರದಾಕಿಯ ದನಿ. ಪ್ರಶ್ನಚಿಹ್ನೆಗೆ ಮರಾಠಿಯಲ್ಲಿ ಹಾಗೆನ್ನುತ್ತಾರೆ. ನಿಲ್ಲಿಸುವವರೆಗೂ ಅದನ್ನೇ ಅಂದಿತು.

ಬೇರೆ ಪುಟ ಕೊಟ್ಟೆ; ಅದೇ. ನನ್ನ ಪ್ರೋಗ್ರಾಮಿನ ಸಾಲು ಸಾಲನ್ನೂ ಮತ್ತೆ ಓದಿದೆ, ಒಂದಕ್ಷರವೂ ಬದಲಾಗಿರಲಿಲ್ಲ. ಹಾಗೇ ಕೆಲವು ದಿನ ಹೋದವು. ಮದುವೆಗೆ ಮನೆ ಮುಂದೆ ಹಂದರ ಹಾಕುವ ಮಾತು ಶುರುವಾಗಿತ್ತು. ಶೋಭಾ ಒಂದು ದಿನ ಅಕ್ಕನ ಮುಂದೆಯೇ ಹೇಳಿಬಿಟ್ಟಳು.

"ಲಗ್ನ ಮುಂದ ಹಾಕೋಣು. ನಾ ಅಪ್ಪಗ ಹೇಳತೇನಿ."

ಕಸ್ತೂರಿ ಅಕ್ಕನ ಮುಖ ಕೆಂಪಾಯಿತು. "ಹೇಳಿ ನೋಡು! ನೀ ಲಗ್ನ ಮುಂದ ಹಾಕಿದ್ರ ನಾ ಪರೀಕ್ಷಾಕs ಕುಂದ್ರಂಗಿಲ್ಲ. ನನ್ನ ಸಲುವಾಗಿ ನಿನ್ನ ಬಾಳೆ ನಿಂತ್ರ ಆ ಎಂ.ಎ. ತಗೊಂಡ ಏನ ಮಾಡ್ಲಿ?"

ಶೋಭಾ ಅಳುತ್ತಾ ಕೆಳಗಿಳಿದಳು. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಕಸ್ತೂರಿ ಅಕ್ಕ ಸ್ಪೀಕರಿನ ಕಡೆ ಮುಖ ತಿರುಗಿಸಿ ನಿಧಾನವಾಗಿ, "ಅಕ್ಕೋರ, ಕೊಲ್ಲಾಪುರದಾಕಿ ಏನರ ಕೇಳಾಕತ್ತಾಳ. ಇಡೀ ಪುಟಾ ಕೊಡಬ್ಯಾಡ್ರಿ. ಒಂದs ಅಕ್ಷರ ಕೊಡ್ರಿ," ಎಂದಳು.

ಅ ಎಂದು ಒಂದೇ ಅಕ್ಷರ ಕೊಟ್ಟೆ. ದನಿ ಮೂರು ಸಲ ಪ್ರಶ್ನಚಿನ್ಹ ಎಂದು ನಿಂತಿತು. ಕ ಕೊಟ್ಟೆ. ಆಗಲೂ ಮೂರು. ಇಂಗ್ಲಿಷಿನ ಒಂದಕ್ಷರ ಕೊಟ್ಟೆ, ಅದನ್ನು ಸರಿಯಾಗಿ ಓದಿತು.

"ಇಂಗ್ಲಿಷ ಬರತೈತಿ. ನಮ್ಮ ಒಂದ ಅಕ್ಷರಕ್ಕ ಮೂರು ಪ್ರಶ್ನಿ ಕೇಳತಾಳ. ಮೂರs ಯಾಕ್ರಿ?"

ಆ ಮೂರು ಎಂಬ ಮಾತು ನನ್ನ ತಲೆಯಲ್ಲಿ ದೀಪ ಹಚ್ಚಿದಂತಾಯಿತು. ಇಂಗ್ಲಿಷಿನ ಅಕ್ಷರ ಕಂಪ್ಯೂಟರಿನೊಳಗೆ ಒಂದೇ ಖಾನೆಯಲ್ಲಿ ಕೂರುತ್ತದೆ. ಕನ್ನಡದ್ದಾಗಲಿ ಮರಾಠಿಯದ್ದಾಗಲಿ ಮೂರು ಖಾನೆ ಹಿಡಿಯುತ್ತದೆ. ಮೂರನ್ನೂ ಕೂಡಿಸಿ ನೋಡಿದರೆ ಮಾತ್ರ ಅಕ್ಷರ. ಯಾರೋ ನಡುವೆ ನಿಂತು ಅದನ್ನು ಬಿಡಿಬಿಡಿಯಾಗಿ ನೋಡಿ, ಒಂದೊಂದು ತುಂಡೂ ಅರ್ಥವಾಗದೆ ಪ್ರಶ್ನಚಿಹ್ನೆ ಹಾಕುತ್ತಿದ್ದರು.

"ಒಂದು ನಿಮಿಷ ಇರ್ರಿ," ಎಂದು ನನ್ನ ಪ್ರೋಗ್ರಾಮನ್ನು ಬದಿಗಿಟ್ಟು, ಕಪ್ಪು ಪರದೆಯಿಂದ ನೇರವಾಗಿ ದನಿಯ ತಂತ್ರಾಂಶಕ್ಕೇ ಆ ಪುಟ ಕೊಟ್ಟೆ. ಅದು ಮೌರ್ಯರ್ ಎಂದು ಶುರುಮಾಡಿ ಗಡಗಡ ಓದಿಕೊಂಡು ಹೋಯಿತು.

"ಅಕಿ ಚಲೋ ಅದಾಳ!" ಕಸ್ತೂರಿ ಅಕ್ಕ ಕುರ್ಚಿಯಿಂದ ಎದ್ದೇ ಬಿಟ್ಟಳು.

ಹಾಗಾದರೆ ಉಳಿದದ್ದು ಸೇತುವೆ. ಪ್ಯಾಕೇಜ್ ಮ್ಯಾನೇಜರ್ ಯಾವಾಗಲೂ ಹೊಚ್ಚಹೊಸ ಆವೃತ್ತಿಯನ್ನೇ ತರುತ್ತದೆ. ಆಷಾಢಕ್ಕೂ ದೀಪಾವಳಿಗೂ ನಡುವೆ ಸೇತುವೆಯ ಹೊಸ ಆವೃತ್ತಿ ಬಂದಿತ್ತು. ಅದರ ಜೊತೆಗಿದ್ದ ಟಿಪ್ಪಣಿ ತೆರೆದು ನೋಡಿದೆ. ಪಠ್ಯವನ್ನು ದಾಟಿಸುವ ರೀತಿಯನ್ನು ಬದಲಿಸಿದ್ದೇವೆ ಎಂದು ಒಂದು ಸಾಲಿತ್ತು. ಬದಲಿಸಿದವರು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಸರಿಯಿದೆ ಎಂದುಕೊಂಡಿರಬೇಕು.

ಹಳೆಯ ಆವೃತ್ತಿ ತರಬಹುದೇ? ಹೆಸರಿನ ಮುಂದೆ ಆವೃತ್ತಿಯ ಸಂಖ್ಯೆ ಬರೆದರೆ ಅದನ್ನೇ ತರುತ್ತದೆ ಎಂದು ಅದರ ಸಹಾಯದ ಪುಟಗಳಲ್ಲಿ ಕಂಡಿತು. ಬರೆದೆ. ಪ್ಯಾಕೇಜ್ ಮ್ಯಾನೇಜರ್ ಒಪ್ಪಲಿಲ್ಲ. ಈಗಿರುವ ದನಿಯ ತಂತ್ರಾಂಶವೂ ಹೊಸದು, ಅದಕ್ಕೆ ಹೊಸ ಸೇತುವೆಯೇ ಬೇಕು ಎಂದಿತು. ನಾನು ಪರದೆಯ ಮೇಲೆ ಬಂದದ್ದನ್ನೆಲ್ಲ ಕಸ್ತೂರಿ ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ.

"ಜೋಡಿ ಆಗವಲ್ದು ಅಂತೈತೇನು? ಹಂಗಾರ ಅಕಿನ್ನೂ ಹಳೇಕಿನ್ನs ಕರೀರಿ," ಎಂದಳು.

ಎರಡನ್ನೂ ತೆಗೆದುಹಾಕಿ, ಎರಡರ ಹಳೆಯ ಆವೃತ್ತಿಗಳನ್ನೂ ಕೇಳಿದೆ. ಕೇಳಿದ್ದನ್ನೆಲ್ಲ ತರಲೇ ಎಂದಿತು. ತಾ ಎಂದೆ. ಸಾಲುಗಳು ಒಂದೊಂದಾಗಿ ಇಳಿಯತೊಡಗಿದವು. ಕಾಕಾ ಫೋನ್ ಮಾಡಬೇಕೆಂದು ಮೇಲೆ ಬಂದವರು ನಮ್ಮಿಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತರು. ಇಳಿದು ಮುಗಿದ ಮೇಲೆ ಕೀಲಿಯ ಮೇಲೆ ಬೆರಳಿಟ್ಟೆ. ಕಸ್ತೂರಿ ಅಕ್ಕ ತಡಕಾಡಿ ನನ್ನ ಬೆರಳಿನ ಮೇಲೆ ಬೆರಳಿಟ್ಟು ಒತ್ತಿದಳು.

ದನಿ ಓದಿತು. ಬಾಲ ಕತ್ತರಿಸಿಕೊಂಡೇ, ಕೊಲ್ಲಾಪುರದ ಹಾಗೆಯೇ ಓದಿತು. ಹಿಂದಿನ ವಾಕ್ಯ ಕೇಳಿದರೆ ಹಿಂದಿನದು, ನಿಲ್ಲು ಎಂದರೆ ನಿಲುಗಡೆ. ಕಸ್ತೂರಿ ಅಕ್ಕ ಮೆಟ್ಟಿಲ ಕಡೆ ಮುಖ ಮಾಡಿ, "ಶೋಭಾ, ಬಾ ಇಲ್ಲಿ! ನಿನ್ನ ಹಂದರಾ ಹಾಕ್ರಿ ಅನ್ನು," ಎಂದು ಕೂಗಿದಳು.

ಈ ಎರಡನ್ನು ಇನ್ನು ಮುಂದೆ ಹೊಸದಕ್ಕೆ ಬದಲಿಸಬೇಡ ಎಂದು ಪ್ಯಾಕೇಜ್ ಮ್ಯಾನೇಜರಿಗೆ ಹೇಳಿಡುವ ಆಜ್ಞೆಯೂ ಇತ್ತು. ಅದನ್ನು ಬರೆದಿಟ್ಟೆ. ಸೇತುವೆ ಬರೆದವರಿಗೆ ನಡೆದದ್ದನ್ನು ವಿವರಿಸಿ, ಒಂದು ಅಕ್ಷರಕ್ಕೆ ಮೂರು ಪ್ರಶ್ನಚಿಹ್ನೆ ಎಂದು ಇ-ಮೇಲ್ ಕಳಿಸಿದೆ.

ಮದುವೆ ಹೊತ್ತಿಗೆ ಸರಿಯಾಗಿ ಆಯಿತು. ಗಾಣದ ಹಂಗಾಮು, ಊರೆಲ್ಲ ಬೆಲ್ಲದ ವಾಸನೆ. ಕಳಿಸಿಕೊಡುವಾಗ ಅಕ್ಕ ತಂಗಿ ಇಬ್ಬರೂ ಅತ್ತರು. ಮರುವಾರ ನಾನು ತುಕ್ಕಾನಟ್ಟಿಗೆ ಹೋದರೆ ಕಸ್ತೂರಿ ಅಕ್ಕ ಪಡಸಾಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ನನಗೆ ಒಂದು ಪದವೂ ತಿಳಿಯದಷ್ಟು ವೇಗದಲ್ಲಿ ಓದಿಸಿಕೊಂಡು ತಲೆದೂಗುತ್ತಿದ್ದಳು. ಕಪ್ಪು ಪರದೆಗೆ ಆಜ್ಞೆ ಬರೆಯುವುದನ್ನೂ ಕಲಿಸು ಎಂದಳು. ಕೀಲಿಮಣೆಯನ್ನು ಬೆರಳಲ್ಲಿ ಓದಿ ಬೇಗ ಕಲಿತಳು. ಅಲ್ಲಿರುವುದೆಲ್ಲ ಬರಿಯ ಅಕ್ಷರ. ಉತ್ತರವನ್ನು ಕೊಲ್ಲಾಪುರದಾಕಿಯೇ ಓದಿ ಹೇಳುತ್ತಿದ್ದಳು. ಚಿತ್ರಗಳಿರುವ ಪರದೆಯ ಮುಂದೆ ಆಕೆಗೆ ನಾನು ಬೇಕಾಗುತ್ತಿತ್ತು, ಈ ಪರದೆಯ ಮುಂದೆ ಬೇಕಾಗಲಿಲ್ಲ.

"ಇಲ್ಲಿ ನೀವೂ ಒಂದs, ನಾನೂ ಒಂದs ಅಲ್ರಿ ಅಕ್ಕೋರ?" ಎಂದು ಒಮ್ಮೆ ಕೇಳಿದಳು. ಹೌದು ಎಂದೆ.

ಹೇಳಿದ್ದನ್ನು ಬರೆದುಕೊಳ್ಳುವವರನ್ನು ಇಟ್ಟುಕೊಂಡು ಪರೀಕ್ಷೆ ಬರೆದಳು, ಪಾಸಾದಳು. ಮುಂದೆ ಕೆಲವು ವರ್ಷಕ್ಕೆ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಕೆಲಸ ಸಿಕ್ಕಿತು, ಈಗಲೂ ಮಾಡುತ್ತಾಳೆ. ಸೇತುವೆ ಬರೆದವರು ತಪ್ಪು ತಿದ್ದಿ ಹೊಸ ಆವೃತ್ತಿ ಬಿಟ್ಟರು. ಅದನ್ನು ತಂದು ಹಾಕಿದವಳು ಕಸ್ತೂರಿ ಅಕ್ಕನೇ, ಹಳೆಯದರ ಪ್ರತಿಯನ್ನು ಮೊದಲು ಜೋಪಾನ ಮಾಡಿಟ್ಟುಕೊಂಡು.

ಮದುವೆಯಾದ ಮೇಲಿನ ಮೊದಲ ಯುಗಾದಿಗೆ ಶೋಭಾ ತವರಿಗೆ ಬಂದಿದ್ದಳು. ನನ್ನನ್ನೂ ಊಟಕ್ಕೆ ಕರೆದಿದ್ದರು. ಹೋಳಿಗೆ ಉಂಡು ಪಡಸಾಲೆಯಲ್ಲಿ ಕೂತಾಗ ಶೋಭಾ ಅಭ್ಯಾಸಬಲದಿಂದ ಪೇಪರ್ ಎತ್ತಿಕೊಂಡು ಅಕ್ಕನ ಬದಿಗೆ ಸರಿದು ಗಟ್ಟಿಯಾಗಿ ಓದತೊಡಗಿದಳು. ಕಸ್ತೂರಿ ಅಕ್ಕ ಒಂದೆರಡು ಸುದ್ದಿ ಕೇಳಿ, "ಏ, ಎಷ್ಟ ಸಾವಕಾಶ ಓದತೀಯಲ್ಲ ನೀ!" ಎಂದಳು.

ಶೋಭಾ ಓದುವುದನ್ನು ನಿಲ್ಲಿಸಿದಳು. ಪೇಪರನ್ನು ಮಡಚಿ ಅಕ್ಕನ ತೊಡೆಗೆ ಒಂದು ಬಾರಿಸಿದಳು. "ಹಂಗಾದ್ರ ಹೋಗ, ನಿನ್ನ ಕೊಲ್ಲಾಪುರದಾಕಿ ಕಡೀಂದ ಓದಿಸ್ಕೋ."

ಕಸ್ತೂರಿ ಅಕ್ಕ ನಗುತ್ತಾ ತಂಗಿಯ ಕೈ ಹುಡುಕಿ ಹಿಡಿದುಕೊಂಡು ಗೋಡೆಗೆ ಒರಗಿದಳು.

"ಓದs. ನನಗೇನ ಅವಸರ ಐತಿ?"